ಸಾಲಿನ ಮೊದಲ ಗಾಡಿ

ಕಾಪು ಪೇಟೆಯ ಪಿಕಪ್ ಚಾಲಕ ಮಾಲಕರ ಸಂಘವನ್ನು ಹದಿನಾಲ್ಕು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಅಧ್ಯಕ್ಷ ಕೂಸಪ್ಪಣ್ಣನವರೇ, ಉಡುಪಿಯ ಶೋರೂಮಿನಿಂದ ಮುಖ್ಯ ಅತಿಥಿಗಳಾಗಿ ಬಂದಿರುವ ಶ್ರೀ ಕಾರ್ಲ್ ರೊಸಾರಿಯೊ ಅವರೇ, ದಿನವೂ ನನ್ನ ಹಿಂದೆ ಮುಂದೆ ಗಾಡಿ ನಿಲ್ಲಿಸುವ ಗೆಳೆಯರೇ, ಅವರ ಮನೆಯವರೇ, ಹಿಂದಿನ ಕೋಣೆಯಿಂದ ಊಟದ ಪರಿಮಳ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನನ್ನ ಹೆಸರು ದೇವದಾಸ. ನಾನು ಓದಿದ್ದು ಏಳನೆಯ ಕ್ಲಾಸು. ಭಾಷಣ ಮಾಡಿ ಅಭ್ಯಾಸವಿಲ್ಲ. ಆದರೆ ನನ್ನ ಅಕ್ಷರ ದುಂಡಗಿದೆ ಎಂದು ಸಂಘದ ನಡಾವಳಿ ಪುಸ್ತಕವನ್ನು ಬರೆಯುವ ಕೆಲಸ ಮೊದಲಿನಿಂದಲೂ ನನ್ನದೇ. ಮನೆಯಲ್ಲಿಯೂ ಡೈರಿ ಬರೆಯುತ್ತೇನೆ. ದಿನಕ್ಕೆ ಮೂರು ನಾಲ್ಕು ಸಾಲು. ಎಲ್ಲಿಗೆ ಹೋದೆ, ಯಾರು ಸಿಕ್ಕಿದರು, ಬಿಸಿಲೋ ಮೋಡವೋ, ಇಷ್ಟೇ. ನನ್ನ ಹೆಂಡತಿ ಕುಶಲಾ ನಗುತ್ತಾಳೆ. "ಇದನ್ನು ಓದುವವರು ಯಾರು ಮಾರಾಯ್ರೆ?" ಎಂದು ಕೇಳುತ್ತಾಳೆ. ಯಾರೂ ಇಲ್ಲ ಎಂದೇ ನಾನೂ ತಿಳಿದಿದ್ದೆ. ಇವತ್ತು ಈ ವರ್ಷದ ಡೈರಿಯನ್ನು ಜೊತೆಗೆ ತಂದಿದ್ದೇನೆ.

ಆ ಮೇಜಿನ ಮೇಲೆ ಕಾರ್ಲ್ ಅವರು ಒಂದು ಕಾಗದ ಇಟ್ಟಿದ್ದಾರೆ. ಅದರಲ್ಲಿ ಹತ್ತು ಗೆರೆ ಉಂಟು. ನಮ್ಮಲ್ಲಿ ಹತ್ತು ಮಂದಿ ಹೆಸರು ಬರೆದರೆ ಹತ್ತು ಎಲೆಕ್ಟ್ರಿಕ್ ಪಿಕಪ್ ಕಾಪುವಿಗೆ ಬರುತ್ತದೆ. ನಿನ್ನೆ ಕೂಸಪ್ಪಣ್ಣ ನನಗೆ ಫೋನ್ ಮಾಡಿದರು. "ದೇವದಾಸ, ಅಂಥದ್ದೊಂದು ಗಾಡಿ ನಿನ್ನ ಅಂಗಳದಲ್ಲಿ ಉಂಟಲ್ವಾ? ಅದು ಜನರಿಗೆ ಹಿಡಿಸ್ತದಾ ಇಲ್ವಾ ಅಂತ ನೀನು ಎರಡು ಮಾತು ಹೇಳು. ಒಳ್ಳೆಯ ಮಾತೇ ಹೇಳು, ಆಯ್ತಾ?" ಎಂದರು. ಆಯಿತು ಎಂದೆ. ಒಳ್ಳೆಯ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೂ ಬಂದೆ. ಆ ಚೀಟಿ ಈ ಜೇಬಿನಲ್ಲೇ ಇದೆ. ಅದನ್ನು ಓದಿದರೆ ಎರಡು ನಿಮಿಷದಲ್ಲಿ ಊಟಕ್ಕೆ ಏಳಬಹುದು. ಸ್ವಲ್ಪ ತಡವಾಗುತ್ತದೆ, ಕ್ಷಮಿಸಬೇಕು.

ಆ ಗಾಡಿ ನನ್ನದಲ್ಲ. ಅದು ನನ್ನ ಹೆಂಡತಿಯ ತಮ್ಮ ಧನರಾಜನದು. ನಿಮಗೆಲ್ಲ ಅವನು ಧನು. ಅವನ ಸಂಸಾರವೂ ನಮ್ಮದೂ ಒಂದೇ ಮನೆಯಲ್ಲಿ. ನಿಮಗೆಲ್ಲ ಗೊತ್ತಿದ್ದವನೇ. ಅವನ ಹೆಂಡತಿ ಹರ್ಷಿಣಿ ಮೂರನೆಯ ಸಾಲಿನಲ್ಲಿ ಕುಶಲಾಳ ಪಕ್ಕ ಕುಳಿತಿದ್ದಾಳೆ. ಅವನ ಮಗಳು ಧೃತಿ ಹೊರಗೆ ಮಕ್ಕಳ ಜೊತೆ ಆಡುತ್ತಿದ್ದಾಳೆ. ಅವಳು ಹೊರಗಿರುವಾಗಲೇ ನಾನು ಮಾತು ಮುಗಿಸಬೇಕು.

ಧನು ಎಂಟು ವರ್ಷ ದುಬೈಯ ಒಂದು ಗೋದಾಮಿನಲ್ಲಿ ಬ್ಯಾಟರಿ ಗಾಡಿ ಓಡಿಸಿದವನು. ಊರಿಗೆ ಬಂದು ನಮ್ಮ ಸಾಲಿಗೆ ಸೇರುತ್ತೇನೆ ಎಂದಾಗ ನಾನು ಹೇಳಿದೆ, "ನಾವೆಲ್ಲ ಇಟ್ಟಂಥ ಗಾಡಿಯನ್ನೇ ತಗೊ." ಅವನು ಕೇಳಲಿಲ್ಲ. ಒಂದು ಸಂಜೆ ಇದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ತಂದದ್ದು ಯಾರಿಗೂ ಕೇಳಿಸಲಿಲ್ಲ. ನಮ್ಮ ನಾಯಿಯೂ ಬೊಗಳಲಿಲ್ಲ.

ನೋಡಿದವರು ಮರೆಯುವಂಥ ಗಾಡಿಯಲ್ಲ ಅದು. ಮೂತಿ ಎಂಬುದೇ ಇಲ್ಲ, ಎದುರು ಇಡೀ ಚಪ್ಪಟೆ, ಮೈಯೆಲ್ಲ ಬಿಳಿ. ಹಿಂದೆ ಸಾಮಾನು ಹಾಕುವ ತೊಟ್ಟಿ ನೆಲದಿಂದ ಮೊಣಕಾಲಿನಷ್ಟು ಎತ್ತರ ಮಾತ್ರ. ಎಲ್ಲಕ್ಕಿಂತ ವಿಚಿತ್ರವೆಂದರೆ ಡ್ರೈವರನ ಸೀಟು ನಟ್ಟನಡುವೆ. ದೇವರ ಮಂಟಪದಲ್ಲಿ ಮೂರ್ತಿ ಕುಳಿತ ಹಾಗೆ ಒಬ್ಬನೇ ಕುಳಿತುಕೊಳ್ಳಬೇಕು. ಬಾಡಿಗೆಗೆ ಬಂದವರಿಗೆ ಅವನ ಬೆನ್ನ ಹಿಂದೆ, ಆಚೆ ಒಂದು ಈಚೆ ಒಂದು ಸಣ್ಣ ಸೀಟು. ಕೂಸಪ್ಪಣ್ಣ ಆವತ್ತು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಏನು ಹೇಳಿದರು, ನೆನಪುಂಟಾ? "ಧನು, ಫ್ರಿಜ್ಜನ್ನು ಅಡ್ಡ ಮಲಗಿಸಿ ಚಕ್ರ ಇಟ್ಟಿದ್ದಾರಾ ಹೇಗೆ?" ಎಂದರು. ಅಂದಿನಿಂದ ಅದಕ್ಕೆ ಫ್ರಿಜ್ಜು ಎಂದೇ ಹೆಸರಾಯಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಧನುವೇ.

ಸಭಿಕರಲ್ಲಿ ಗೊತ್ತಿಲ್ಲದವರಿಗಾಗಿ ನಮ್ಮ ಸಾಲಿನ ಕ್ರಮ ಹೇಳುತ್ತೇನೆ. ಬೆಳಿಗ್ಗೆ ಮೊದಲು ಬಂದವನು ಮುಂದೆ ನಿಲ್ಲಬೇಕು. ಬಾಡಿಗೆ ಬಂದರೆ ಅವನು ಹೋಗಬೇಕು, ಹಿಂದಿರುಗಿ ಬಂದವನು ಸಾಲಿನ ಕೊನೆಗೆ. ಆದರೆ ಒಂದು ನಿಯಮ ಉಂಟು. ಗಿರಾಕಿಗೆ ಮೊದಲ ಗಾಡಿ ಬೇಡವೆಂದರೆ ಅವರಿಷ್ಟದ ಗಾಡಿಯಲ್ಲಿ ಹೋಗಬಹುದು, ಮೊದಲನೆಯವನು ತಕರಾರು ಮಾಡಬಾರದು. ಈ ನಿಯಮವನ್ನು ನಡಾವಳಿ ಪುಸ್ತಕದಲ್ಲಿ ಬರೆದವನು ನಾನು. ಬರೆಯಲು ಹೇಳಿದವನೂ ನಾನು.

ಧನುವಿಗೆ ಬೆಳಗಾಗುವ ಮೊದಲೇ ಏಳುವ ಅಭ್ಯಾಸ. ಹಾಗಾಗಿ ಅವನ ಗಾಡಿಯೇ ಮೊದಲು. ನನ್ನದು ಹೆಚ್ಚಾಗಿ ಎರಡನೆಯದು. ಗಿರಾಕಿ ಬರುತ್ತಾರೆ, ಬಿಳಿ ಗಾಡಿಯನ್ನು ಮೇಲೆ ಕೆಳಗೆ ನೋಡುತ್ತಾರೆ, ಅದನ್ನು ದಾಟಿ ನನ್ನ ಹತ್ತಿರ ಬರುತ್ತಾರೆ. "ಡ್ರೈವರ್ ಪಕ್ಕ ಕೂತು ದಾರಿ ಹೇಳ್ಲಿಕ್ಕೆ ಆಗುದಿಲ್ಲ" ಎಂದು ಒಬ್ಬರು. "ಮದುವೆ ಮನೆಗೆ ಕುರ್ಚಿ ಸಾಗಿಸುದು, ಇದು ನೋಡಿದ್ರೆ ಆಸ್ಪತ್ರೆಯದ್ದರ ಹಾಗೆ ಕಾಣ್ತದೆ" ಎಂದು ಇನ್ನೊಬ್ಬರು. ಗುಡ್ಡೆ ಹತ್ತುತ್ತದಾ? ಮಳೆಗೆ ಶಾಕ್ ಹೊಡೆಯುತ್ತದಾ? ಕಾರ್ಕಳದ ದಾರಿಯಲ್ಲಿ ಚಾರ್ಜ್ ಮುಗಿದರೆ ಎಂತ ಮಾಡುವುದು? ಪ್ರಶ್ನೆ ಕೇಳುವುದು ಅವನ ಹತ್ತಿರ, ಹತ್ತುವುದು ನನ್ನ ಗಾಡಿಗೆ.

ಮೀನು ಮಾರುವ ಅಮ್ಮಣ್ಣಿ ಅಕ್ಕನ ಮಾತು ಹೇಳಲೇಬೇಕು. ಅವರಿಗೆ ಅರುವತ್ತೆಂಟು ವರ್ಷ, ಸೊಂಟ ನೋವು. ಬುಟ್ಟಿಯನ್ನು ನಮ್ಮ ಗಾಡಿಗಳಿಗೆ ಏರಿಸಲು ಯಾರನ್ನಾದರೂ ಕರೆಯಬೇಕು. ತಗ್ಗಿನ ತೊಟ್ಟಿಯ ಗಾಡಿಯನ್ನು ಧನು ಆರಿಸಿದ್ದೇ ಅವರಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು. ಅಮ್ಮಣ್ಣಿ ಅಕ್ಕ ಕೇಳಿದರು, "ಮೀನಿನ ಉಪ್ಪು ನೀರು ಸೋರಿದ್ರೆ ಕರೆಂಟ್ ಹೊಡೆಯುದಿಲ್ವಾ ಮಗಾ?" ಅವನು ಒಂದು ಕೊಡ ಸಮುದ್ರದ ನೀರು ತಂದು ಎಲ್ಲರೆದುರು ತೊಟ್ಟಿಗೆ ಸುರಿದ. ಬರಿಗಾಲಲ್ಲಿ ಅದರೊಳಗೆ ನಿಂತು ಕುಣಿದ. ಅಕ್ಕ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ, "ನಂಗೆ ದೇವದಾಸನದ್ದೇ ಸಾಕು. ಶಬ್ದ ಉಂಟಲ್ಲ, ಹೋಗ್ತಾ ಇದ್ದೇವೆ ಅಂತ ಗೊತ್ತಾಗ್ತದೆ" ಎಂದು ನನ್ನ ಗಾಡಿಯ ಕಡೆ ನಡೆದರು. ಬುಟ್ಟಿಯನ್ನು ನನ್ನ ಗಾಡಿಗೆ ಎತ್ತಿ ಇಟ್ಟವನು ಧನು.

ಅವನನ್ನು ದಾಟಿ ಹೊರಡುವಾಗ ನನಗೆ ಮುಜುಗರವಾಗುತ್ತಿತ್ತು. ಅದಕ್ಕೆ ಹಾರ್ನನ್ನು ಎರಡು ಸಲ ಸಣ್ಣಗೆ ಒತ್ತುತ್ತಿದ್ದೆ. ತಪ್ಪು ತಿಳಿಯಬೇಡ ಎಂಬ ಹಾಗೆ. ಅವನು ನಡುವಿನ ಸೀಟಿನಲ್ಲಿ ಕುಳಿತಲ್ಲಿಂದಲೇ ಕೈ ಎತ್ತುತ್ತಿದ್ದ. ಆ ಕೈ ನನ್ನ ಕನ್ನಡಿಯಲ್ಲಿ ಕಾಣುತ್ತಿತ್ತು. ಒಂದು ದಿನ ಹೇಳಿದ, "ಶಾಲೆಯಲ್ಲಿ ನಾನು ಕೊನೆಯ ಬೆಂಚು ಭಾವ. ಇಲ್ಲಿ ನೋಡಿ, ದಿನವಿಡೀ ಫಸ್ಟ್!" ನಾನು ನಕ್ಕೆ. ನೀವೂ ನಕ್ಕಿರಿ. ಏಳು ತಿಂಗಳು ಹೀಗೆಯೇ ಹೋಯಿತು. ಮುಂಜಾನೆ ಮೊದಲ ಗಾಡಿ, ಮಧ್ಯಾಹ್ನ ಮೊದಲ ಗಾಡಿ, ಸಂಜೆಯೂ ಅದೇ ಮೊದಲ ಗಾಡಿ.

ಮಾರ್ಚ್ ಹದಿನೇಳರಂದು ಅವನು ನಗಲಿಲ್ಲ. ನನ್ನ ಕಿಟಕಿಗೆ ಒರಗಿ ನಿಂತು ಕೇಳಿದ, "ಭಾವ, ನೀವು ಹೇಳಿದ್ರೆ ಜನ ಕೇಳ್ತಾರೆ. ಒಂದೇ ಒಂದು ಸಲ ಮುಂದಿನದ್ದರಲ್ಲಿ ಹೋಗಿ ಅಂತ ಹೇಳಬಹುದಲ್ಲ?" ನಾನು ಎಂತ ಹೇಳಿದೆ ಗೊತ್ತುಂಟಾ? "ಗಿರಾಕಿಯ ಇಷ್ಟ ಅಲ್ವಾ ಧನು, ರೂಲ್ಸ್ ಉಂಟಲ್ಲ" ಎಂದೆ. "ಹೌದು, ರೂಲ್ಸ್ ಉಂಟು" ಎಂದು ತನ್ನ ಗಾಡಿಗೆ ಹೋಗಿ ಕುಳಿತ.

ಮರುದಿನದ್ದನ್ನು ಡೈರಿಯಲ್ಲಿ ಇದ್ದ ಹಾಗೆಯೇ ಓದುತ್ತೇನೆ.

"ಮಾರ್ಚ್ 18. ಬಿಸಿಲು ಜೋರು. ಸಾಲಿನಲ್ಲಿ ನಾಲ್ಕೇ ಗಾಡಿ. 9.30 ಎಲ್ಲೂರು, ಕುರ್ಚಿ. ಧನು ಕೈ ಎತ್ತಿದ. 11.20 ನಂದಿಕೂರು, ಕಪಾಟು. ಧನು ಕೈ ಎತ್ತಲಿಲ್ಲ. ನಿನ್ನೆಯ ಸಿಟ್ಟು ಇರಬೇಕು."

ಇಷ್ಟನ್ನು ನಾನು ನಂದಿಕೂರಿನಲ್ಲಿ ಕಪಾಟು ಇಳಿಸಿ, ನೀರು ಕುಡಿದು, ಗಾಡಿಯಲ್ಲಿ ಕುಳಿತು ಬರೆದದ್ದು. ಹಿಂದೆ ಬರುವಾಗ ಹೋಟೆಲಿನಲ್ಲಿ ಚಹಾ ಕುಡಿದೆ. ಬೇಕೆಂದೇ ನಿಧಾನ ಮಾಡಿದೆ. ಅವನ ಮುಖ ನೋಡಬೇಕಲ್ಲ ಎಂದು. ಬಂದು ನೋಡಿದರೆ ಫ್ರಿಜ್ಜು ಅಲ್ಲೇ ಮೊದಲು ನಿಂತಿದೆ. ಎಲ್ಲರಿಗೂ ಅದು ಸಹಜವೇ. ದಿನವೂ ನಿಲ್ಲುವುದು ಅಲ್ಲಿಯೇ ಅಲ್ಲವೇ? ಸೀಟು ನಡುವೆ ಇರುವುದರಿಂದ ಬದಿಯಿಂದ ಹೋಗುವವರಿಗೆ ಮುಖ ಸರಿಯಾಗಿ ಕಾಣುವುದಿಲ್ಲ. ಎಂಜಿನ್ ಇಲ್ಲದ ಗಾಡಿ, ಒಳಗೆ ಸಣ್ಣ ಫ್ಯಾನು ತಿರುಗುತ್ತಿತ್ತು. ನಾನೂ ಹೋಗಿ ನೋಡಲಿಲ್ಲ. ಹಿಂದೆ ನಿಲ್ಲಿಸಿ ಪೇಪರ್ ಬಿಡಿಸಿದೆ.

ಒಂದು ಗಂಟೆ ಕಳೆದು ಐದು ನಿಮಿಷಕ್ಕೆ ಶಂಕರಪುರದ ಜೆರ್ಟ್ರೂಡ್ ಬಾಯಿ ಬಂದರು. ಅವರಿಗೆ ನಲವತ್ತು ಕುಂಡ ಮಲ್ಲಿಗೆ ಗಿಡ ಸಾಗಿಸಬೇಕಿತ್ತು. ನಾನು ಬಾಗಿಲು ತೆರೆದು ಇಳಿದೆ. ಅವರು ಹೇಳಿದರು, "ನಂಗೆ ಆ ಬಿಳಿ ಗಾಡಿಯೇ ಬೇಕಿತ್ತು ಮಾರಾಯ್ರೆ. ತಗ್ಗು ಉಂಟು, ಕುಂಡ ಇಡ್ಲಿಕ್ಕೆ ಸುಲಭ, ಗಿಡ ಕುಲುಕುದೂ ಇಲ್ಲ. ಎಷ್ಟು ಕರೆದೆ, ನಿಮ್ಮ ಡ್ರೈವರ್ ಏಳುದೇ ಇಲ್ಲ."

ಕೂಸಪ್ಪಣ್ಣನವರೇ, ಈ ಗಾಡಿ ಜನರಿಗೆ ಹಿಡಿಸುತ್ತದಾ ಎಂದು ನೀವು ಕೇಳಿದಿರಿ. ಹಿಡಿಸಿತು. ಒಬ್ಬರಿಗೆ ತುಂಬ ಹಿಡಿಸಿತು. ಅವರು ಬಂದದ್ದು ಒಂದು ಗಂಟೆ ಐದು ನಿಮಿಷಕ್ಕೆ.

ಧನುವನ್ನು ಮಣಿಪಾಲದ ಆಸ್ಪತ್ರೆಗೆ ನಾನೇ ಕೊಂಡುಹೋದೆ, ನನ್ನ ಗಾಡಿಯಲ್ಲಿ. ಅವನ ಗಾಡಿಯನ್ನು ಓಡಿಸಲು ನನಗೆ ಬರುತ್ತಿರಲಿಲ್ಲ. ಕಲಿಸುತ್ತೇನೆ ಬನ್ನಿ ಭಾವ ಎಂದು ಎಷ್ಟೋ ಸಲ ಕರೆದಿದ್ದ, ನಾನು ಹತ್ತಿಯೇ ಇರಲಿಲ್ಲ. ಅಲ್ಲಿ ಡಾಕ್ಟರರು ನೋಡಿ ತಲೆಯಾಡಿಸಿದರು. ಹೃದಯ ನಿಂತು ಸುಮಾರು ಹೊತ್ತಾಗಿದೆ ಎಂದರು. "ಎಷ್ಟು ಹೊತ್ತಿನಿಂದ ಹೀಗೆ ಇದ್ದರು?" ಎಂದು ಕೇಳಿದರು. ನಾನು, "ಈಗಷ್ಟೇ ಸಾರ್" ಎಂದೆ. ಹರ್ಷಿಣಿಗೂ ಅದನ್ನೇ ಹೇಳಿದೆ. ಕುಶಲಾಳಿಗೂ ಅದನ್ನೇ ಹೇಳಿದೆ. ಒಂಬತ್ತು ತಿಂಗಳಿಂದ ಅದನ್ನೇ ಹೇಳುತ್ತಾ ಬಂದಿದ್ದೇನೆ. ಡೈರಿಯಲ್ಲಿ ಮಾತ್ರ ಹನ್ನೊಂದು ಇಪ್ಪತ್ತು ಎಂದು ನನ್ನದೇ ದುಂಡಗಿನ ಅಕ್ಷರದಲ್ಲಿ ಉಂಟು. ಆಗ ಇಳಿದು ನೋಡಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಯಾರನ್ನೂ ಕೇಳುವ ಧೈರ್ಯ ಬರಲಿಲ್ಲ. ಹರ್ಷಿಣಿ, ಇದನ್ನು ನಾನು ಮನೆಯಲ್ಲಿ ಹೇಳಬೇಕಿತ್ತು. ಎಷ್ಟೋ ಸಲ ಹೇಳಲು ಬಾಯಿ ತೆರೆದೆ, ನೀನು ಊಟಕ್ಕೆ ಬಡಿಸಿದೆ, ನಾನು ಉಂಡೆ. ಮೈಕಿನ ಮುಂದೆ ನಿಂತರೆ ಹಿಂದೆ ಹೋಗಲು ದಾರಿಯಿಲ್ಲವಲ್ಲ, ಅದಕ್ಕೆ ಇಲ್ಲಿ ಹೇಳಿದೆ.

ಕಾರ್ಲ್ ಅವರೇ, ನೀವು ತಲೆ ತಗ್ಗಿಸಬೇಡಿ. ಗಾಡಿಯ ತಪ್ಪು ಏನೂ ಇಲ್ಲ. ಗಾಡಿ ಒಳ್ಳೆಯದೇ. ಉತ್ತರಕ್ರಿಯೆಯ ದಿನ ಅಮ್ಮಣ್ಣಿ ಅಕ್ಕ ಮನೆಗೆ ಬಂದಿದ್ದರು. ಅಂಗಳದಲ್ಲಿ ನಿಂತಿದ್ದ ಗಾಡಿಯ ತೊಟ್ಟಿಗೆ ತಮ್ಮ ಬುಟ್ಟಿಯನ್ನು ಇಟ್ಟು ನೋಡಿದರು. ಯಾರನ್ನೂ ಕರೆಯದೆ ಒಬ್ಬರೇ ಇಟ್ಟರು. ತೆಗೆದರು, ಮತ್ತೊಮ್ಮೆ ಇಟ್ಟರು. "ಇಷ್ಟು ಸುಲಭ ಉಂಟಾ ಇದು?" ಎಂದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಏಳು ತಿಂಗಳಲ್ಲಿ ಒಂದು ದಿನ ಯಾರಾದರೂ ಒಂದು ಬುಟ್ಟಿ ಇಟ್ಟು ನೋಡಿದ್ದರೆ ಸಾಕಿತ್ತು. ನಾವು ದೂರದಿಂದ ನೋಡಿ ನಕ್ಕೆವು. ನಾನಂತೂ ಎರಡನೆಯ ಗಾಡಿಯಲ್ಲಿ ಕುಳಿತು ನಕ್ಕೆ.

ಹೆಸರು ಬರೆಯುವುದು ಬಿಡುವುದು ನಿಮಗೆ ಬಿಟ್ಟದ್ದು. ಬರೆಯುವ ಮೊದಲು ಒಮ್ಮೆ ಹತ್ತಿ ನೋಡಿ. ಗಾಡಿ ಹೊರಗೆ ನಿಂತಿದೆ. ಇವತ್ತು ನಾನು ಅದರಲ್ಲೇ ಬಂದೆ. ಹೌದು, ಕಲಿತೆ. ಕಳೆದ ತಿಂಗಳು ಹರ್ಷಿಣಿಯೇ ಕೀಲಿ ತಂದು ಕೈಯಲ್ಲಿಟ್ಟಳು. "ನಿಂತಲ್ಲೇ ಹಾಳಾಗುದು ಬೇಡ ಭಾವ, ನೀವೇ ಓಡಿಸಿ" ಎಂದಳು. ಇವತ್ತಿನ ಮಾತು ಕೇಳಿದ ಮೇಲೆ ಕೀಲಿ ವಾಪಸು ಬೇಕೆಂದರೆ ಕೊಡುತ್ತೇನೆ. ಕೇಳುವ ಹಕ್ಕು ಅವಳಿಗೆ ಉಂಟು.

ಕೀಲಿ ವಾಪಸು ಬೇಡವೆಂದರೆ, ನಾಳೆಯಿಂದ ಆ ಗಾಡಿಯನ್ನು ಸಾಲಿಗೆ ತರುತ್ತೇನೆ. ಮುಂಜಾನೆ ಬೇಗ ಬಂದು ಮೊದಲು ನಿಲ್ಲುತ್ತೇನೆ. ಗಿರಾಕಿ ನನ್ನನ್ನು ದಾಟಿ ನಿಮ್ಮ ಹತ್ತಿರ ಬರುತ್ತಾರೆ. ನೀವು ಹೋಗಿ. ರೂಲ್ಸ್ ಉಂಟು, ನಾನು ಜಗಳ ಮಾಡುವುದಿಲ್ಲ. ನನ್ನದು ಒಂದೇ ಬೇಡಿಕೆ. ದಾಟಿ ಹೋಗುವಾಗ ಎರಡು ಸಲ ಸಣ್ಣಗೆ ಹಾರ್ನ್ ಒತ್ತಿ. ನಾನು ಕೈ ಎತ್ತುತ್ತೇನೆ. ನಿಮ್ಮ ಕನ್ನಡಿಯಲ್ಲಿ ಕಾಣುತ್ತದೆ. ಒಂದು ವೇಳೆ ಕೈ ಕಾಣದಿದ್ದರೆ, ದೇವದಾಸನಿಗೆ ಸಿಟ್ಟು ಬಂದಿದೆ ಎಂದು ತಿಳಿದು ಹೋಗಬೇಡಿ. ಸಿಟ್ಟೇ ಇರಬಹುದು. ಆದರೂ ಗಾಡಿ ನಿಲ್ಲಿಸಿ, ಇಳಿದು ಬಂದು ಒಮ್ಮೆ ನೋಡಿ.

ಊಟ ಆರುತ್ತಿದೆ. ಇಷ್ಟು ಹೊತ್ತು ನನ್ನನ್ನು ತಡೆಯದೆ ಕೇಳಿದ ಅಧ್ಯಕ್ಷರಿಗೂ, ಅತಿಥಿಗಳಿಗೂ, ನಿಮ್ಮೆಲ್ಲರಿಗೂ ನಾನು ಋಣಿ. ಧೃತಿ ಬಾಗಿಲ ಹತ್ತಿರ ಬಂದು ನಿಂತು ಕೈ ಬೀಸುತ್ತಿದ್ದಾಳೆ. ನಾನೂ ಕೈ ಎತ್ತಬೇಕು.

ನಮಸ್ಕಾರ.