ಏಳು ಮೀಟರ್ ಬೀಮಿನ ಎರಡು ತುದಿ

ನನ್ನ ಬೀಳ್ಕೊಡುಗೆಯ ಈ ವೇದಿಕೆಯ ನಡುವೆ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮಾನ್ಯ ಅಧ್ಯಕ್ಷರೇ, ನಮ್ಮ ಕಚೇರಿ ಈಗ ಯಾವ ಶಾಲೆಯ ಗ್ರಂಥಾಲಯವನ್ನು ಕಟ್ಟಿಸುತ್ತಿದೆಯೋ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯವರೇ, ಮೂರನೇ ಸಾಲಿನಲ್ಲಿರುವ ಗುತ್ತಿಗೆದಾರರೇ, ಸಹೋದ್ಯೋಗಿಗಳೇ, ನಾನು ಏನು ಎಡವಟ್ಟು ಮಾತಾಡುತ್ತೇನೋ ಎಂದು ಮುಂದಿನ ಸಾಲಿನಲ್ಲೇ ಕಾದು ಕುಳಿತಿರುವ ನನ್ನ ಶ್ರೀಮತಿಯವರೇ, ಸಭಿಕರೇ,

ಈಗಷ್ಟೇ ನಿರೂಪಕರು "ಮೂವತ್ತೊಂದು ವರ್ಷ, ಒಂದೇ ಒಂದು ತಪ್ಪಿಲ್ಲ" ಎಂದು ನನ್ನನ್ನು ಹೊಗಳಿದರು. ಇದನ್ನು ಅವರಿಗೆ ಬರೆದುಕೊಟ್ಟವರು ಯಾರು? ಯಾಕೆ ಬರೆದುಕೊಟ್ಟರು? ಹೊಗಳಿಕೆ ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತದೆ. ಏನು ಮಾಡಲಿ, ನನ್ನ ಹುದ್ದೆಯೇ ಅಂಥದ್ದು. ನಾನು ತಪಾಸಣೆಯ ಎಂಜಿನಿಯರ್. ಬೇರೆಯವರು ಮಾಡಿದ ಲೆಕ್ಕವನ್ನು ಅನುಮಾನಿಸಿ, ಅನುಮಾನ ತೀರಿದ ಮೇಲೆ ಸಹಿ ಹಾಕುವವನು. ಅನುಮಾನ ತೀರದಿದ್ದರೆ ಆ ಕಾಗದ ನನ್ನ ಮೇಜು ದಾಟುತ್ತಿರಲಿಲ್ಲ. ದಾಟಿತ್ತೇ? ನೀವೇ ಹೇಳಿ.

ಈ ಗುಣ ಮನೆಯಲ್ಲೂ ಬಿಡಲಿಲ್ಲ. ಗ್ಯಾಸ್ ಆರಿಸಿದ್ದೇನೆ ಎಂದು ಇವಳು ಹೇಳಿದರೂ ನಾನು ಎದ್ದು ಹೋಗಿ ನೋಡುತ್ತೇನೆ. "ನಾನು ನಕ್ಕರೂ ಯಾಕ್ ನಕ್ಕೆ ಅಂತ ಲೆಕ್ಕ ಕೇಳ್ತೀರಲ್ರೀ" ಅನ್ನುತ್ತಾಳೆ. ಮಗಳು ಕಾಲೇಜಿನಿಂದ ತಡವಾಗಿ ಬಂದರೆ ಬಸ್ಸಿನ ಟಿಕೆಟ್ ತೋರಿಸು ಅನ್ನುತ್ತಿದ್ದೆ. ಈಗ ಅವಳಿಗೇ ಒಂದು ಮಗುವಿದೆ. ಆದರೂ ಎಲ್ಲಿಗೆ ಹೋದರೂ ನಾನು ಕೇಳುವ ಮೊದಲೇ ಟಿಕೆಟ್ಟಿನ ಫೋಟೋ ಕಳಿಸುತ್ತಾಳೆ! ಟಿಕೆಟ್ ಮಾತ್ರ, ಬೇರೆ ಮಾತಿಲ್ಲ. ನೀವೆಲ್ಲ ನಕ್ಕಿರಿ. ಇವಳು ನಗಲಿಲ್ಲ. ಇರಲಿ.

ವಿಷಯಕ್ಕೆ ಬರುತ್ತೇನೆ. ಹೊರಡುವ ಮುನ್ನ ಒಂದು ಎಚ್ಚರಿಕೆ ಹೇಳಿಯೇ ಹೋಗಬೇಕೆಂದು ನಿಶ್ಚಯಿಸಿದ್ದೇನೆ. ಈ ಗ್ರಂಥಾಲಯದ ಬೀಮು ನನ್ನ ಕೊನೆಯ ಕೆಲಸ. ನಾನೇ ಮಾಡುತ್ತೇನೆಂದು ಹಠ ಹಿಡಿದು ಮಾಡಿದೆ. ಶಾಲೆಯ ಎರಡು ಹಳೆಯ ಗೋಡೆಗಳ ನಡುವೆ ಏಳು ಮೀಟರ್ ಉದ್ದದ ಕಾಂಕ್ರೀಟ್ ಬೀಮು. ಮೇಲೆ ಪುಸ್ತಕದ ಕಪಾಟುಗಳು, ಕೆಳಗೆ ಮಕ್ಕಳು ಕೂತು ಓದುವ ಕೋಣೆ. ಇಂಥದ್ದನ್ನು ನಾವು ಸಾಫ್ಟ್‌ವೇರಿನಲ್ಲಿ ಹೇಗೆ ಪರೀಕ್ಷಿಸುತ್ತೇವೆ? ಪರದೆಯ ಮೇಲೆ ಒಂದು ಗೆರೆ ಎಳೆಯುತ್ತೇವೆ. ಆ ಗೆರೆಯನ್ನು ಸಣ್ಣ ಸಣ್ಣ ತುಂಡು ಮಾಡುತ್ತೇವೆ. ಭಾರ ಹೇರುತ್ತೇವೆ. ಒಂದೊಂದು ತುಂಡು ಎಷ್ಟೆಷ್ಟು ಬಗ್ಗುತ್ತದೆಂದು ಲೆಕ್ಕ ಹಾಕಿ, ಎಲ್ಲವನ್ನೂ ಜೋಡಿಸಿ, ಇಡೀ ಬೀಮು ಇಷ್ಟು ಬಾಗುತ್ತದೆ ಎಂದು ಯಂತ್ರ ಹೇಳುತ್ತದೆ. ಅದು ಕೇಳುವುದು ಒಂದೇ ಮುಖ್ಯ ಪ್ರಶ್ನೆ. ತುದಿಗಳನ್ನು ಯಾರು ಹಿಡಿದಿದ್ದಾರೆ? ಕಂಬಗಳು ಬಿಗಿಯಾಗಿ ಅಪ್ಪಿ ಹಿಡಿದಿವೆಯೋ, ಬೀಮು ಸುಮ್ಮನೆ ಗೋಡೆಯ ಮೇಲೆ ಕೂತಿದೆಯೋ? ಬಿಗಿ ಹಿಡಿತವಿದ್ದರೆ ಕಡಿಮೆ ಬಾಗುತ್ತದೆ. ಸುಮ್ಮನೆ ಕೂತಿದ್ದರೆ ಸರಿಯಾಗಿ ಐದು ಪಟ್ಟು ಬಾಗುತ್ತದೆ. ಇದನ್ನು ಹೊಸಬರಿಗೆ ಮೊದಲ ದಿನವೇ ಬಾಯಿಪಾಠ ಮಾಡಿಸುವವನು ನಾನೇ. ಯಂತ್ರಕ್ಕೆ ಕಣ್ಣಿಲ್ಲ, ನೀವು ಹೇಳಿದ್ದನ್ನೇ ಅದು ನಂಬುತ್ತದೆ ಎಂದು ಸಾವಿರ ಸಲ ಹೇಳಿದ್ದೇನೆ.

ನನ್ನ ಪದ್ಧತಿ ನಿಮಗೆ ಗೊತ್ತಿದೆ. ನಾನು ಎಂದೂ ಖಾಲಿ ಪರದೆಯಿಂದ ಶುರು ಮಾಡುವವನಲ್ಲ. ಹಿಂದೆ ಪಾಸಾದ ಒಳ್ಳೆಯ ಕಡತವನ್ನು ನಕಲು ಮಾಡಿ, ಉದ್ದ ಬದಲಿಸಿ, ಭಾರ ಬದಲಿಸಿ ಮುಂದುವರಿಯುತ್ತೇನೆ. ಈ ಸಲ ಆಸ್ಪತ್ರೆಯ ಬೀಮಿನ ಕಡತ ತೆಗೆದುಕೊಂಡೆ. ಬಾಗು ಮೂರು ಪಾಯಿಂಟ್ ಒಂದು ಮಿಲಿಮೀಟರ್ ಬಂತು. ಮುತ್ತಿನಂಥ ಉತ್ತರ. ಸಹಿ ಹಾಕಿದೆ.

ಆಮೇಲೆ ನಡೆದದ್ದು ಕೇಳಿ. ಮೂರು ವಾರದ ಹಿಂದೆ, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವುದಕ್ಕೆ ನಾವೆಲ್ಲ ಪೆನ್ಸಿಲಮ್ಮ ಎಂದು ಕರೆಯುವ ಕಿರಿಯ ಎಂಜಿನಿಯರ್ ನನ್ನ ಮೇಜಿನ ಮುಂದೆ ಬಂದು ನಿಂತಳು. "ಸರ್, ಲೈಬ್ರರಿ ಬೀಮು ನಾನೂ ಒಂದ್ಸಲ ಮಾಡಿ ನೋಡ್ದೆ. ತುದಿ ಒಂಚೂರು ನೋಡ್ತೀರಾ?" ಎಂದಳು. ನಾನು ಕಾಗದ ನೋಡಲಿಲ್ಲ, ಅವಳ ಮುಖ ನೋಡಿದೆ. ನಿವೃತ್ತಿಗೆ ಇಪ್ಪತ್ತು ದಿನವಿರುವಾಗ ಇವಳಿಗೇಕೆ ನನ್ನ ಬೀಮಿನ ಮೇಲೆ ಕಣ್ಣು? ಯಾರು ಕಳಿಸಿದರು? ನನ್ನ ಕುರ್ಚಿ ಬೇಕೇ? "ಯಾರಮ್ಮಾ ಹೇಳಿದ್ದು ನಿಂಗೆ?" ಎಂದು ಕೇಳಿದೆ. "ಯಾರೂ ಇಲ್ಲ ಸರ್, ಡೌಟ್ ಬಂತು" ಎಂದಳು. ಡೌಟ್! ನನ್ನ ಮೇಲೆ!

ಅಧ್ಯಕ್ಷರೇ, ಅಂದೇ ನಿಮಗೆ ದೂರು ಕೊಟ್ಟವನು ನಾನು. ಇವಳು ನನ್ನ ಕಡತ ತೆರೆದು ಅಂಕಿ ತಿದ್ದಿದ್ದಾಳೆ, ಕೊನೆಗಾಲದಲ್ಲಿ ನನ್ನ ಹೆಸರಿಗೆ ಮಸಿ ಬಳಿಯಲು ನೋಡುತ್ತಿದ್ದಾಳೆ ಎಂದು ಬರೆದೆ. ನೀವು ನನ್ನ ಮಾತು ನಂಬಿ ಅವಳನ್ನು ಹಳೆಯ ನಕ್ಷೆಗಳ ಕೋಣೆಗೆ ಹಾಕಿದಿರಿ. ವಿಚಾರಣೆ ಮುಗಿದರೆ ಕೆಲಸವೇ ಹೋಗಬಹುದು. ಹೋಗಲಿ ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಸಾಕ್ಷಿ ಇಲ್ಲಿದೆ, ನನ್ನ ಜೇಬಿನಲ್ಲೇ. ಅವಳು ಅಂದು ಮೇಜಿನ ಮೇಲೆ ಬಿಟ್ಟುಹೋದ ಕಾಗದ. ನಾನಿದನ್ನು ಬಿಚ್ಚಿಯೂ ನೋಡಿರಲಿಲ್ಲ, ಅಂಥವರ ಲೆಕ್ಕ ಏನು ನೋಡುವುದು? ನಿಮ್ಮೆಲ್ಲರ ಎದುರೇ ಓದುತ್ತೇನೆ. ಹೇಗೆ ತಿರುಚಿದ್ದಾಳೆಂದು ನೀವೇ ಕೇಳಿ.

ಉದ್ದ ಏಳು ಮೀಟರ್. ಸರಿ, ನನ್ನದೂ ಅಷ್ಟೇ. ಭಾರ... ನನ್ನದೇ ಭಾರ. ಅದನ್ನೇನೂ ತಿದ್ದಿಲ್ಲ. ಕೈಯಲ್ಲೇ ಲೆಕ್ಕ ಹಾಕಿದ್ದಾಳೆ, ಪೆನ್ಸಿಲಿನಲ್ಲಿ. ಬಾಗು, ಹದಿನೈದೂವರೆ ಮಿಲಿಮೀಟರ್.

ನೋಡಿದಿರಾ? ನನ್ನದು ಮೂರು ಪಾಯಿಂಟ್ ಒಂದು. ಇವಳದು ಹದಿನೈದೂವರೆ. ಎಲ್ಲಿಂದೆಲ್ಲಿಗೆ! ಇದು ತಿರುಚಿದ್ದಲ್ಲದೆ ಮತ್ತೇನು? ಮೂರು ಪಾಯಿಂಟ್ ಒಂದಕ್ಕೆ ಇದು...

ಐದು ಪಟ್ಟು.

ಒಂದು ನಿಮಿಷ. ಸ್ವಲ್ಪ ನೀರು ಕೊಡಿ.

ಸರಿಯಾಗಿ ಐದು ಪಟ್ಟು, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಆಸ್ಪತ್ರೆಯ ಬೀಮಿಗೆ ಎರಡೂ ಕಡೆ ಕಂಬಗಳಿದ್ದವು, ಬಿಗಿಯಾಗಿ ಹಿಡಿದಿದ್ದವು. ಶಾಲೆಯಲ್ಲಿ ಕಂಬವಿಲ್ಲ. ನಾನೇ ಹೋಗಿ ನೋಡಿದ್ದೇನೆ. ಹಳೆಯ ಗೋಡೆಯ ಮೇಲೆ ಕೈ ಇಟ್ಟು ಮೇಸ್ತ್ರಿ ಹೇಳಿದ್ದ, "ಗೋಡೆ ಮೇಲೆ ಸುಮ್ನೆ ಕೂರಿಸ್ತೀವಿ ಸಾರ್, ಅಷ್ಟೆ." ನಾನು ಹೂಂ ಅಂದಿದ್ದೆ. ಕಚೇರಿಗೆ ಬಂದು ಆಸ್ಪತ್ರೆಯ ಕಡತ ನಕಲು ಮಾಡಿದೆ. ಉದ್ದ ಬದಲಿಸಿದೆ. ಭಾರ ಬದಲಿಸಿದೆ. ತುದಿಗಳನ್ನು...

ತುದಿಗಳನ್ನು ಬದಲಿಸಲಿಲ್ಲ. ಅಯ್ಯೋ, ಬದಲಿಸಲಿಲ್ಲ.

ಸಭಿಕರೇ, ಇದರ ಅರ್ಥ ಬಾಗು ಹೆಚ್ಚುತ್ತದೆ ಎಂಬುದಷ್ಟೇ ಅಲ್ಲ. ಬೀಮಿನ ಮಧ್ಯಕ್ಕೆ ಬೇಕಾದ ಕಬ್ಬಿಣದ ಕಂಬಿಯಲ್ಲಿ ಮೂರನೇ ಒಂದು ಪಾಲು ಮಾತ್ರ ನನ್ನ ನಕ್ಷೆಯಲ್ಲಿದೆ. ಕಪಾಟು ತುಂಬ ಪುಸ್ತಕ ಇಟ್ಟ ದಿನ ಅದು ತಡೆಯುವುದಿಲ್ಲ. ಮುಖ್ಯೋಪಾಧ್ಯಾಯಿನಿಯವರೇ, ನನ್ನನ್ನು ಹಾಗೆ ನೋಡಬೇಡಿ, ಕುಳಿತುಕೊಳ್ಳಿ. ಇನ್ನೂ ಏನೂ ಆಗಿಲ್ಲ. ಕಾಂಕ್ರೀಟ್ ಹಾಕುವುದು ನಾಳೆ ಬೆಳಿಗ್ಗೆ ಎಂಟಕ್ಕೆ. ಗುತ್ತಿಗೆದಾರರೇ, ಫೋನ್ ತೆಗೆಯಿರಿ. ನಾನು ಮಾತು ಮುಗಿಸುವುದನ್ನು ಕಾಯಬೇಡಿ, ಈಗಲೇ ಮಾಡಿ. ನಿಲ್ಲಿಸಿ ಎನ್ನಿ. ಯಾರು ಹೇಳಿದ್ದು ಎಂದು ಕೇಳಿದರೆ, ಪೆನ್ಸಿಲಮ್ಮ ಹೇಳಿದ್ದು, ಮೂರು ವಾರದ ಹಿಂದೆಯೇ ಹೇಳಿದ್ದು ಎನ್ನಿ.

ಅಧ್ಯಕ್ಷರೇ, ನನ್ನ ದೂರು ಸುಳ್ಳು. ಅವಳು ನನ್ನ ಕಡತ ಮುಟ್ಟಿಯೇ ಇಲ್ಲ, ತಾನೇ ಬೇರೆ ಲೆಕ್ಕ ಮಾಡಿದ್ದಾಳೆ. ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ, ದಯವಿಟ್ಟು ಬರೆದುಕೊಳ್ಳಿ. ನಾನು ಎಲ್ಲರನ್ನೂ ಅನುಮಾನಿಸಿದೆ. ಗ್ಯಾಸನ್ನು, ಹೆಂಡತಿಯ ನಗುವನ್ನು, ಹೆತ್ತ ಮಗಳನ್ನು. ನನ್ನ ಸಹಿಯನ್ನು ಮಾತ್ರ ಒಂದು ದಿನವೂ ಅನುಮಾನಿಸಲಿಲ್ಲ. ನಾಚಿಕೆಯಾಗುತ್ತಿದೆ.

ಅವಳು ಸಭೆಯಲ್ಲಿಲ್ಲ. ಕರೆದಿರಲೂ ಇಲ್ಲ, ಆಹ್ವಾನದ ಪಟ್ಟಿಯಿಂದ ಅವಳನ್ನು ಹೊಡೆದುಹಾಕಿದವನು ನಾನೇ. ನಕ್ಷೆಗಳ ಕೋಣೆ ಇದೇ ಕಟ್ಟಡದ ಕೆಳಗಿನ ಮಹಡಿಯಲ್ಲಿದೆ. ಧನ್ಯವಾದ ಹೇಳಲು ಹನ್ನೊಂದು ಜನರ ಹೆಸರು ಬರೆದುಕೊಂಡು ಬಂದಿದ್ದೆ. ಆ ಹನ್ನೊಂದು ಜನ ಕ್ಷಮಿಸಬೇಕು, ನಿಮ್ಮ ಸರದಿ ಆಮೇಲೆ. ಇವತ್ತು ನನ್ನ ಧನ್ಯವಾದ ಒಬ್ಬಳಿಗೇ, ಅದನ್ನು ಮೈಕಿನಲ್ಲಿ ಹೇಳಿದರೆ ಆಗದು. ಮೆಟ್ಟಿಲಿಳಿದು ಹೋಗಿ ಎದುರು ನಿಂತು ಹೇಳಬೇಕು. ಅವಳು ನನ್ನ ಮಾತು ನಂಬುತ್ತಾಳೋ ಇಲ್ಲವೋ, ಗೊತ್ತಿಲ್ಲ. ನಂಬದಿದ್ದರೆ ತಪ್ಪು ಅವಳದಲ್ಲ.

ದಾರಿ ಬಿಡಿ. ಎಲ್ಲರಿಗೂ ನಮಸ್ಕಾರ.