ಪೇಪರಿನಲ್ಲಿ ಇಲ್ಲದ ಸಾವು

ಹಂಪಸಾಗರದ ಹಳೇ ಬಾವಿ ದಾಟಿ, ರಾತ್ರಿ ಒಬ್ಬಳೇ ಮನೆಗೆ ಹೋಗುತ್ತಿದ್ದಳು ನನ್ನ ಚಿಕ್ಕಪ್ಪನ ಮಗಳು ಕೋಮಲಾ. ಆ ಬಾವಿಯ ರಾಟೆ ಕಿತ್ತು ಎಷ್ಟೋ ವರ್ಷ. ಆದರೂ ಕೇಳಿಸಿತು... ಕಿರ್ರ್... ಕಿರ್ರ್... ಆಮೇಲೆ ಯಾರೋ ಬೊಗಸೆಯಲ್ಲಿ ನೀರು ಕುಡಿಯುವ ಗುಟುಕು, ಗುಟುಕು.

ಆ ಸಂಜೆ ಅವಳು ಒಂದು ಸುಳ್ಳು ಹೇಳಿದ್ದಳು.

ಕೋಮಲಾ ಊರಿನ ಗ್ರಂಥಾಲಯ ನೋಡಿಕೊಳ್ಳುವವಳು. ಕಣ್ಣು ಕಾಣದ ದುರುಗಮ್ಮಜ್ಜಿಗೆ ದಿನಾ ಪೇಪರ್ ಓದಿ ಹೇಳುತ್ತಾಳೆ. ಅಜ್ಜಿಗೆ ಬೇಕಾದದ್ದು ಒಂದೇ, ದೇಶವಿದೇಶದಲ್ಲಿ ಯಾವ ದೊಡ್ಡವರು ಸತ್ತರು? ಹಾಡುವವರು, ನಕ್ಷತ್ರ ನೋಡುವವರು, ಚೆಂಡಾಟದವರು. ಊರಿನ ಹೆಣಗಳಿಗೆಲ್ಲ ಸ್ನಾನ ಮಾಡಿಸಿದ ಕೈ ಅಜ್ಜಿಯದು. ಒಂದೊಂದು ಹೆಸರಿಗೂ ಗ್ರಂಥಾಲಯದ ಮೆಟ್ಟಿಲ ಮೇಲೆ ಒಂದು ಚೊಂಬು ನೀರು ಬಿಡುತ್ತಾಳೆ.

ಅವತ್ತು ಯಾರ ಸುದ್ದಿಯೂ ಇರಲಿಲ್ಲ.

"ಇಷ್ಟು ದೊಡ್ಡ ಲೋಕದಾಗ ಒಬ್ಬರೂ ಸತ್ತಿಲ್ಲೇನು? ಓದಾಕ ಬ್ಯಾಸರ ನಿನಗ, ಸೋಮಾರಿ!"

ಕೋಮಲಾಗೆ ಬೀಗ ಹಾಕುವ ಅವಸರ. "ಅದಾಳ ತಗೋ ಅಜ್ಜಿ. ತಮೀರಾ ಅಂತ. ದೊಡ್ಡ ಹಾಡುಗಾರ್ತಿ."

"ಯಾವೂರಾಕಿ?"

"ಪೇಪರ್‌ನಾಗ ಹಾಕಿಲ್ಲ."

ಅಜ್ಜಿ ನೀರು ಬಿಟ್ಟಳು.

ಈಗ ಬಾವಿಕಟ್ಟೆಯಿಂದ ಪಿಸುಮಾತು... "ಅಕ್ಕಾ... ನಾನು ಯಾವೂರಾಕಿ?"

ಕೋಮಲಾ ಓಡಿದಳು. ಹಿಂದೆ ಒದ್ದೆ ಪಾದ... ಪಚ್... ಪಚ್... ಮನೆಯಲ್ಲಿ ಮಗಳು ಸಮತಾ ಒಬ್ಬಳೇ ಮಲಗಿದ್ದಳು. ಕೋಮಲಾ ಒಳಹೊಕ್ಕು ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಹೆಸರು ಕೊಟ್ರಿ... ನೀರು ಕೊಟ್ರಿ... ಯಾರ ಮನಿಗೆ ಹೋಗ್ಲಿ?"

"ಇಲ್ಲಿ ಬ್ಯಾಡವ್ವಾ... ನೀರು ಕೊಟ್ಟಾಕಿ ಮನಿಗೆ ಹೋಗು!"

ಬಾಯಿಂದ ಜಾರಿಯೇ ಹೋಯಿತು. ಪಚ್... ಪಚ್... ಸಪ್ಪಳ ದುರುಗಮ್ಮಜ್ಜಿಯ ಓಣಿಯ ಕಡೆಗೆ ತಿರುಗಿತು. ಮಗಳನ್ನು ಅಪ್ಪಿಕೊಂಡು ಕೂತಳೇ ಹೊರತು, ಕೋಮಲಾ ಬಾಗಿಲು ತೆಗೆಯಲಿಲ್ಲ. ಅಜ್ಜಿಯನ್ನು ನಾನೇ ಕೊಂದೆ ಎಂದುಕೊಳ್ಳುತ್ತಲೇ ರಾತ್ರಿ ಕಳೆದಳು.

ಬೆಳಕು ಹರಿಯುತ್ತಲೇ ಓಡಿದಳು. ಅಜ್ಜಿ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಕುಟ್ಟುತ್ತಿದ್ದಳು. ಕುಟ್... ಕುಟ್...

"ಅಜ್ಜಿ... ರಾತ್ರಿ ಯಾರಾದ್ರೂ..."

"ನೀನ ಕಳಿಸೀದಿ ಅಂದ್ಲಲ್ಲಲೇ. ಪಾಪ, ನಿಲ್ಲಾಕ ಜಾಗ ಇಲ್ಲಂತ. ಇರವ್ವಾ ಅಂದೆ." ಆಮೇಲೆ ದನಿ ತಗ್ಗಿಸಿದಳು. "ಸತ್ತವರ ಕೈ ನನಗ ಗೊತ್ತು, ಬದುಕಿದವರ ಕೈಯೂ ಗೊತ್ತು. ಆಕಿ ಕೈ ಎಂಥವು ಅಂತ ತಿಳೀಲಿಲ್ಲ, ಕೋಮಲಿ."

ಅಜ್ಜಿಯ ತೋಳು ಭುಜದಿಂದ ಮೇಲೆ ಏಳುವುದಿಲ್ಲ. ತಲೆ ಬಾಚುವವರೂ ಇಲ್ಲ. ಅವತ್ತು ಬೆನ್ನ ಮೇಲೆ ಬಿಗಿಯಾದ ಜಡೆ ಇತ್ತು, ಏಳು ಎಳೆಯದು.

ಸುದ್ದಿ ತಿಳಿದು ಮಧ್ಯಾಹ್ನ ನಾನೇ ಕೊಟ್ಟೂರಿನಿಂದ ಬಸ್ಸು ಹತ್ತಿ ಹೋದೆ. ಮದುಮಕ್ಕಳಿಗೆ ಜಡೆ ಹಾಕಿಯೇ ಸ್ವಂತ ಅಂಗಡಿ ಮಾಡಿಕೊಂಡವಳು ನಾನು, ನನಗೆ ಬಾರದ ಜಡೆಯಿಲ್ಲ. ಅದನ್ನು ಬಿಚ್ಚಿ, ಎಳೆ ಎಣಿಸಿ, ಮತ್ತೆ ಹೆಣೆಯಲು ಕೂತೆ. ಕತ್ತಲಾಗುವ ತನಕ ಕೂತೆ... ಆ ಹೆಣಿಗೆ ನನ್ನ ಕೈಗೆ ಬರಲಿಲ್ಲ.