ಬೆಳಕು ಗುರುತಿಸುವ ಕುಟುಂಬ

ದಾವಣಗೆರೆಯಿಂದ ಹೊರಟ ಬಸ್ಸಿನಲ್ಲಿ ಲತಾ ತೂಕಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ನಾಟಿ ಔಷಧಿ ಕೊಡುವ ಕೊಟ್ರವ್ವ, ಆಕೆಯ ಪಕ್ಕದಲ್ಲಿ ಪಿಎಚ್‌ಡಿ ಮಾಡುವ ಯೋಗರಾಜ್. ಅವರ ಮಾತಿಗೆ ಅವಳ ನಿದ್ದೆ ಹಾರಿಹೋಯಿತು.

“ಅಮೃತಬಳ್ಳಿಯಾಗ ಬೆಳಕು ಗುರುತಿಸೋ ಜೀನ್‌ಗಳ ಕುಟುಂಬಾನೇ ಐತಜ್ಜಿ. ನೆರಳಾಗ ಅವು ಸುಮ್ನಿರ್ತಾವೆ, ಔಷಧಿ ಗುಣಾನೂ ಕಮ್ಮಿ. ಕಂಡುಹಿಡಿಯಾಕೆ ನಾಕು ವರ್ಷ ಹಿಡೀತು.”

“ನೆರಳಿನ ಬಳ್ಳಿ ಕೆಲ್ಸಕ್ಕೆ ಬರಲ್ಲ ಅಂತ ನೀ ಎಲೆ ಕೇಳಾಕೆ ಬಂದ ಮೊದಲ್ನೇ ದಿನಾನೇ ಹೇಳಿದ್ನಲ್ಲೋ!”

“ಅದು ಪುರಾವೆ ಆಗಲ್ಲಜ್ಜಿ.”

“ನೀ ಬರೆದ ಲೇಖನದಾಗ ನನ್ನ ಹೆಸರೈತೇನು?”

“ನಮ್ಮ ಗೈಡ್‌ದು, ಅವ್ರ ಹೆಂಡ್ತೀದು, ಬಾಮೈದಂದು ಐತೆ.”

“ಜೀನ್ ಕುಟುಂಬ ಅಂದ್ಯಲ್ಲ, ಇದೇ ಏನು?”

ಲತಾ ಸೆರಗು ಬಾಯಿಗೆ ಒತ್ತಿಕೊಂಡಳು.

“ಅಜ್ಜಿ, ಇನ್ನೊಂದು ಸಲ ನಿಮ್ಮ ಹಿತ್ತಲ ಎಲೆ ಬೇಕಿತ್ತು.”

ಹರಿಹರ ಬಂತು. ಕೊಟ್ರವ್ವ ಚೀಲ ಎತ್ತಿಕೊಂಡಳು.

“ಬಾಮೈದನ ಹಿತ್ತಲಾಗ ಕಿತ್ಕೋ ಹೋಗಪ್ಪ,” ಎಂದವಳೇ ತಿರುಗಿಯೂ ನೋಡದೆ ಇಳಿದುಹೋದಳು.